ನಾಲ್ಕನೆಯ ಬಿರಡೆ

"ಏನಮ್ಮಾ, ಬಿರಡೆ ಕೊಡ್ತೀಯೋ ಇಲ್ವೋ?"

ಜಡೆ ಊರಿನ ಆ ಜಗಲಿಯಲ್ಲಿ ಮಹೇಶ್ವರಪ್ಪ ಕೂರಲಿಲ್ಲ. ತಿಮ್ಮಮ್ಮ ಹಾಸಿದ ಚಾಪೆಯನ್ನು ಒಮ್ಮೆ ನೋಡಿ, ಮೂಗಿಗೆ ಕರವಸ್ತ್ರ ಹಿಡಿದು ನಿಂತೇ ಇದ್ದ.

ಶಿಕಾರಿಪುರ ಪೇಟೆಯ ಸಂಗೀತ ಶಾಲೆಗೆ ನೂರ ನಲವತ್ತು ವರ್ಷ ತುಂಬುತ್ತಿತ್ತು. ಜವಳಿ ಅಂಗಡಿಯ ಮಹೇಶ್ವರಪ್ಪ ಸಮಿತಿಯ ಅಧ್ಯಕ್ಷ. ಶಾಲೆಯ ಇತಿಹಾಸ ಬರೆಯುವ ಯೋಗ್ಯತೆ ಈ ಊರಲ್ಲಿ ಇನ್ಯಾರಿಗಿದೆ ಎಂದು ತಾನೇ ಬರೆದಿದ್ದ. ಮುಕ್ಕಾಲು ಪುಸ್ತಕ ಅವನ ಮುತ್ತಜ್ಜ ಗುರುಮಲ್ಲಪ್ಪನ ಗುಣಗಾನ. ಶಾಲೆ ಕಟ್ಟಿದ ಆನಂದಪ್ಪ ಮೇಷ್ಟ್ರಿಗೆ ಮುತ್ತಜ್ಜನೇ ಪಟ್ಟಶಿಷ್ಯ, ಆದ್ದರಿಂದ ಶಾಲೆಗೆ ಇನ್ನು ಅವನದೇ ಹೆಸರು. ಬೋರ್ಡು ಬರೆಸಿಯೂ ಆಗಿತ್ತು.

ಈಗಿನ ಟೀಚರ್ ನಯನ ಮಾತ್ರ ಕೊಸರಾಡಿದ್ದಳು. "ಸರ್, ಹಳೇ ಹಾಜರಿ ಪುಸ್ತಕದಾಗೆ ಮೂರನೇ ವರ್ಷದ ನಡುವೇನೇ ಅವರ ಹೆಸರು ನಿಂತು ಹೋಗೈತ್ರಿ."

"ಮೂರು ವರ್ಷಕ್ಕೇ ಎಲ್ಲ ಕಲಿತು ಮುಗಿಸಿದ್ರು ಕಣಮ್ಮ. ನಿನ್ನ ಹಾಗೆ ಹದಿನೈದು ವರ್ಷ ಸರಿಗಮ ಅರಚಲಿಲ್ಲ."

ಸಮಿತಿಯ ಉಳಿದವರಿಗೂ ಸಾಕ್ಷಿ ಬೇಕಿತ್ತು. ಮೂರ್ಖರು. ಸಾಕ್ಷಿ ಅವನ ದೇವರ ಮನೆಯಲ್ಲೇ ಇತ್ತು, ಮುತ್ತಜ್ಜನ ತಂಬೂರಿ. ತಂತಿ ಬಿಗಿಯಲು ನಾಲ್ಕು ಬಿರಡೆ ಇರಬೇಕಾದಲ್ಲಿ ಅದಕ್ಕೆ ಮೂರೇ. ನಾಲ್ಕನೆಯದನ್ನು ಮೇಷ್ಟ್ರು ಶಿಷ್ಯನ ನೆನಪಿಗೆಂದು ತಮ್ಮಲ್ಲೇ ಉಳಿಸಿಕೊಂಡರು ಎಂದು ಮನೆಯವರೆಲ್ಲ ಕೇಳಿ ಬೆಳೆದಿದ್ದರು. ಆಮೇಲೆ ಮುತ್ತಜ್ಜ ಒಂದು ದಿನವೂ ಹಾಡಲಿಲ್ಲ. ಸಿದ್ಧಿ ಆದವರು ಕಂಡಕಂಡಲ್ಲಿ ಹಾಡುತ್ತಾರೆಯೇ?

ಆ ಬಿರಡೆ ಈಗ ಮೇಷ್ಟ್ರ ಮರಿಮಗಳು ತಿಮ್ಮಮ್ಮನ ಎಲೆಅಡಿಕೆ ಡಬ್ಬಿಯಲ್ಲಿತ್ತು.

"ಐತೆ ರೀ," ಎಂದಳು ತಿಮ್ಮಮ್ಮ. "ನಿಮ್ಮ ಮನೆಯೋರು ಯಾರಾದ್ರೂ ಕೇಳ್ಕಂಡು ಬರ್ತಾರೆ ಅಂತ ನಮ್ಮಜ್ಜನೂ ಕಾದಿದ್ರು. ಮೊದ್ಲು ಕೂತ್ಕಳ್ರಿ. ಒಂದು ಲೋಟ ಮಜ್ಜಿಗೆ ಕುಡೀರಿ."

"ನಿಮ್ಮನೆ ಲೋಟದಲ್ಲಾ? ಬೇಡ."

ತಿಮ್ಮಮ್ಮ ಎಲೆಅಡಿಕೆ ಡಬ್ಬಿಯನ್ನು ಪಕ್ಕಕ್ಕೆ ಸರಿಸಿದಳು. "ಹಂಗಾರೆ ಇನ್ನೂ ಕಾಲ ಬಂದಿಲ್ಲ ಅನ್ಸುತ್ತೆ ರೀ. ಡಬ್ಬೀಲೇ ಇರ್ಲಿ ಬಿಡಿ."

ಮುದುಕಿ ಬೆಲೆ ಏರಿಸುತ್ತಿದ್ದಾಳೆ ಎಂದುಕೊಂಡ ಮಹೇಶ್ವರಪ್ಪ. ಇಂಥವರ ಆಸೆ ಎಷ್ಟರದು ಎಂದು ಅವನಿಗೆ ಗೊತ್ತಿತ್ತು. "ಸ್ಟೇಜಿನ ಮೇಲೆ ಕೂರಿಸಿ ಶಾಲು ಹೊದಿಸ್ತೀವಿ. ಸಾಕಲ್ಲ?"

"ಎಲ್ಲಾರ ಎದುರಿಗೇ ಬೇಕಾ ರೀ?"

"ಎಲ್ಲರ ಎದುರಿಗೇ."

"ಆಯ್ತು ಬಿಡಿ. ತಗಂಡು ಬರ್ತೀನಿ."

ಸಮಾರಂಭದ ದಿನ ತಿಮ್ಮಮ್ಮ ಬಸ್ಸಿನಲ್ಲಿ ಬಂದಳು. ಅಂಗಡಿಯಲ್ಲಿ ಯಾರೂ ಕೊಳ್ಳದೆ ಉಳಿದ ಶಾಲೊಂದು ಅವಳ ಹೆಗಲೇರಿತು. ಕೂರಲು ಕೊನೆಯ ಕುರ್ಚಿ. ಮಹೇಶ್ವರಪ್ಪ ಮೈಕಿನ ಮುಂದೆ ಮುಕ್ಕಾಲು ಗಂಟೆ ಮಾತಾಡಿದ. ಆಗಿನ ಉಳಿದ ಶಿಷ್ಯರೆಲ್ಲ ನೇಗಿಲು ಹಿಡಿಯುವವರ ಮಕ್ಕಳು, ಅವರಿಗೆ ರಾಗವೇನು ತಿಳಿದೀತು ಎಂದು ನಕ್ಕ. ಸಭೆಯಲ್ಲಿ ಅಂಥವರ ಮರಿಮಕ್ಕಳೇ ತುಂಬಿದ್ದರು. ಯಾರೂ ನಗಲಿಲ್ಲ.

ಆಮೇಲೆ ತಿಮ್ಮಮ್ಮ ಬಿರಡೆಯನ್ನು ತಂಬೂರಿಯ ಖಾಲಿ ತೂತಿಗೆ ಇಟ್ಟಳು. ಅದು ಸಲೀಸಾಗಿ ಕೂತಿತು. ಜನ ಚಪ್ಪಾಳೆ ತಟ್ಟಿದರು. ಸಮಿತಿಯವರು ತಲೆಯಾಡಿಸಿದರು. ಮಹೇಶ್ವರಪ್ಪನ ಎದೆ ತುಂಬಿ ಬಂತು.

"ಹೇಳಮ್ಮಾ, ಮೇಷ್ಟ್ರು ಎಷ್ಟು ಶಿಷ್ಯರ ಬಿರಡೆ ಹೀಗೆ ಉಳಿಸಿಕೊಂಡಿದ್ರು?"

"ಒಬ್ಬರದೇ ರೀ. ನಿಮ್ಮ ಮುತ್ತಜ್ಜಂದು."

ಅವನು ನಯನಳ ಕಡೆ ತಿರುಗಿ ನೋಡಿದ, ಕೇಳಿದೆಯಾ ಎಂಬಂತೆ. "ಯಾಕೆ ಅಂತಾನೂ ಹೇಳಿಬಿಡು. ಜೋರಾಗಿ ಹೇಳು."

ತಿಮ್ಮಮ್ಮ ಮೈಕಿನ ಹತ್ತಿರ ಬಂದಳು. "ಸ್ವರ ಚೆನ್ನಾಗೇ ಇತ್ತಂತೆ ರೀ. ಆದ್ರೆ ಜೊತೇಲಿ ಕಲಿಯೋ ಹುಡುಗ್ರನ್ನ ಹೀಯಾಳಿಸ್ತಿದ್ರಂತೆ. ಅವರ ಚಾಪೆ ಮೇಲೆ ಕೂರ್ತಿರಲಿಲ್ವಂತೆ, ಅವರು ಮುಟ್ಟಿದ ಚೊಂಬಿನ ನೀರು ಕುಡೀತಿರಲಿಲ್ವಂತೆ. ಅದಕ್ಕೇ ಮೇಷ್ಟ್ರು ಬಿರಡೆ ಕಿತ್ತಿಟ್ಕಂಡು ಶಾಲೆಯಿಂದ ಹೊರಗೆ ಹಾಕಿದ್ರಂತೆ. ನಿನಗಾಗ್ಲಿ, ನಿನ್ನ ವಂಶದಲ್ಲಿ ಯಾರಿಗಾಗ್ಲಿ ಬುದ್ಧಿ ಬಂದ ದಿನ ಬಂದು ತಗಂಡು ಹೋಗ್ರಿ ಅಂದಿದ್ರಂತೆ."

ಹೇಳಿ ಮುಗಿಸಿ, ಬಿರಡೆಯನ್ನು ಮತ್ತೆ ಕಿತ್ತು ಸೆರಗಿನ ತುದಿಗೆ ಗಂಟು ಹಾಕಿಕೊಂಡು, ಜಡೆ ಬಸ್ಸಿಗೆ ಹೊತ್ತಾಯಿತೆಂದು ಸ್ಟೇಜು ಇಳಿದಳು.