ಗಂಡಿನ ಕಡೆಯವರು

ಮದುವೆಗಳಲ್ಲಿ ಮಿಕ್ಕ ಊಟವನ್ನು ಸೇತುವೆ ಕೆಳಗಿನ ಜೋಪಡಿಗಳಿಗೆ ಒಯ್ದು ಹಂಚುವವನು ಅಂದಿನ ಎರಡನೆಯ ಛತ್ರದ ಹಿಂಬಾಗಿಲಿಗೆ ಬಂದಾಗ ಮಧ್ಯಾಹ್ನ ಇಳಿದಿತ್ತು. ಸೊಂಟ ನೋಯುತ್ತಿತ್ತು. ಹುಡುಗಿಯ ತಂದೆಯೇ ಎದುರಿಗೆ ಓಡಿಬಂದರು.

"ಏನಾದ್ರೂ ಮಿಕ್ಕಿದೆಯಾ, ಯಜಮಾನ್ರೇ?"

"ಮಿಕ್ಕೋದೆಲ್ಲಿಂದ ಬಂತು! ಪಾತ್ರೆ ತಳ ಕಂಡಿದೆ, ಕೊನೇ ಪಂಕ್ತಿ ಎಲೆ ಮುಂದೆ ಕೂತಿದೆ. ನಿಮ್ಮ ವ್ಯಾನಲ್ಲಿ ಏನಿದೆ?"

"ಬೇರೆ ಮದುವೇದು, ಅನ್ನ ಸಾಂಬಾರು. ಜೋಪಡಿಯವರು ಬೆಳಗಿಂದ ಹಸಿದು ಕಾಯ್ತಿದಾರೆ. ಕೂತಿರೋರು ಯಾರು?"

"ನಮ್ಮೋರಂತೂ ಅಲ್ಲ. ಗಂಡಿನ ಕಡೆಯವರೇ ಇರಬೇಕು. ಯಾರು ನೀವು ಅಂತ ಬೀಗರ ಕಡೆಯವರನ್ನ ಕೇಳೋಕಾಗುತ್ತಾ? ಅವರು ಬರೀ ಎಲೆಯಿಂದ ಎದ್ದು ಹೋದ್ರೆ ನನ್ನ ಮಗಳು ಜನ್ಮಪೂರ್ತಿ ಮಾತು ಕೇಳಬೇಕು. ಕಾಲಿಗೆ ಬೀಳ್ತೀನಿ."

ಬೀಳಲು ಅವರು ಬಗ್ಗಿಯೂ ಆಗಿತ್ತು. ಜೋಪಡಿಯವರಿಗೆ ಏನು ಹೇಳುವುದೋ ತಿಳಿಯದೆ ಅವನು ಪಾತ್ರೆಗಳನ್ನು ಇಳಿಸಿದ. ಬಡಿಸುವವರು ದಣಿದು ಗೋಡೆಗೆ ಒರಗಿದ್ದರಿಂದ ಬಕೆಟ್ಟನ್ನೂ ತಾನೇ ಹಿಡಿದು ಒಳಗೆ ಹೋದ.

ಮೊದಲ ಎಲೆಯ ಮುಂದೆ ಕೂತಿದ್ದ ಜೋಪಡಿಯ ಅಜ್ಜಿ ಬಕೆಟ್ಟಿನೊಳಗೆ ಇಣುಕಿ ಮುಖ ಕಿವುಚಿದಳು: "ದಿನಾ ನೀನು ತರೋ ಹೊತ್ತಿಗೆ ಆರಿಹೋಗಿರುತ್ತೆ ಅಂತ ಬಿಸೀದು ಉಣ್ಣೋಕೆ ಎಲ್ಲರೂ ಇಲ್ಲಿಗೇ ಬಂದ್ವಲ್ಲೋ, ಇಲ್ಲಿಗೂ ಅದನ್ನೇ ತಂದ್ಯಾ?"