ಥಿನ್ನರ್ ಬಟ್ಟೆ

ಬಸ್ ವರ್ಕ್‌ಶಾಪಿನ ಗೇಟಿನ ಕೋಣೆಯಲ್ಲಿ ಸ್ಕ್ಯಾನರ್ ಟಿಂಕ್ ಎಂದಿತು. ಹೊಸ ಪ್ರಿಂಟರಿನಿಂದ ಆಗಷ್ಟೇ ಬಿದ್ದಿದ್ದ ತಮ್ಮ ಗುರುತಿನ ಕಾರ್ಡನ್ನು ಎತ್ತಿ ಹಿಡಿದು ಮ್ಯಾನೇಜರು ಬೀಗಿದರು. "ನೋಡಿ, ಹಳೇ ಮೆಷೀನಿನ ಥರಾನೇ. ಇದನ್ನೇ ಇನ್ನೆರಡು ತಗೊಳ್ಳೋಣ. ಕಾರ್ಡಿನ ಮೇಲೆ ಪ್ಲಾಸ್ಟಿಕ್ ಹೊದಿಸೋ ಲ್ಯಾಮಿನೇಷನ್ ಮೆಷೀನೆಲ್ಲ ದಂಡ." ಪ್ರಿಂಟರ್ ಮಾರಲು ಬಂದಿದ್ದವನು ತಲೆಯಾಡಿಸಿದ.

ಬಸ್ಸುಗಳಿಗೆ ಬಣ್ಣ ಹೊಡೆಯುವವರ ಮೇಸ್ತ್ರಿ, ಎಲ್ಲರ ಬಾಯಲ್ಲಿ ಬಣ್ಣದಕ್ಕ, ಹಲ್ಲು ಕಚ್ಚಿ ನಿಂತಿದ್ದಳು. ಇಪ್ಪತ್ತಾರು ವರ್ಷದಿಂದ ಇದೇ ಗೇಟಿನಲ್ಲಿ ಒಳಬರುತ್ತಿದ್ದ ಅವಳ ಹಿರಿಯ ಪೇಂಟರನ್ನು ಆ ಬೆಳಿಗ್ಗೆ ಹೊರಗೇ ನಿಲ್ಲಿಸಿದ್ದರು. ಕಾರ್ಡು ಸ್ಕ್ಯಾನ್ ಆಗದವರಿಗೆ ಒಳಗೆ ಜಾಗವಿಲ್ಲ. ಅದು ಮ್ಯಾನೇಜರು ಮಾಡಿದ ನಿಯಮ.

"ಸಾರ್, ನಮ್ಮೋರ ಕಾರ್ಡು ಮೂರೇ ತಿಂಗಳಿಗೆ ಅಚ್ಚು ಅಳಿಸಿ ಬೋಳಾಗುತ್ತೆ. ಹೋದ್ಸಲನೂ ಹೇಳಿದ್ದೆ."

"ಜೋಪಾನವಾಗಿ ಇಟ್ಕೊಳ್ಳೋಕೆ ಬರಲ್ಲ ನಿಮ್ಮೋರಿಗೆ. ಅದಕ್ಕೆ ಮೆಷೀನು ಏನ್ ಮಾಡುತ್ತಮ್ಮ?"

ಬಣ್ಣದಕ್ಕನಿಗೆ ಮೈಯೆಲ್ಲ ಉರಿದುಹೋಯಿತು. ಕೈಗಂಟಿದ ಬಣ್ಣ ಕರಗಿಸಿ ಒರೆಸಿಕೊಳ್ಳಲು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಥಿನ್ನರ್ ಬಟ್ಟೆಯನ್ನು ಎಳೆದಳು, ಮ್ಯಾನೇಜರ ಕೈಯಿಂದ ಕಾರ್ಡು ಕಿತ್ತುಕೊಂಡಳು. "ನಮ್ಮೋರು ದಿನಕ್ಕೆ ಹತ್ತು ಸಲ ಇದ್ರಲ್ಲಿ ಕೈ ಒರೆಸ್ಕೋತಾರೆ. ಅದೇ ಕೈಲಿ ಕಾರ್ಡು ಹಿಡೀತಾರೆ. ಇಷ್ಟೇ ನಮ್ಮ ಜೋಪಾನ." ನಾಲ್ಕು ಸಲ ತಿಕ್ಕಿದಳು. ಸ್ಕ್ಯಾನರ್ ಓದುವ ಕಪ್ಪು ಗೆರೆಗಳು ಕಲಸಿಹೋದವು. ಫೋಟೋದಲ್ಲಿದ್ದ ಮ್ಯಾನೇಜರ ಮೂಗು ಮೀಸೆ ಬಟ್ಟೆಗೆ ಬಂದವು.

ಅದನ್ನು ಗೇಟಿನ ಕಾವಲುಗಾರನ ಕೈಗೆ ತುರುಕಿದಳು. ಅವನು ಸ್ಕ್ಯಾನರ್ ಹಿಡಿದ, ತಿರುಗಿಸಿ ಮತ್ತೆ ಹಿಡಿದ. ಸದ್ದೇ ಇಲ್ಲ. ಬೆಳಿಗ್ಗೆ ಹಿರಿಯ ಪೇಂಟರನ್ನು ತಡೆಯುವಾಗ ಅವನು ತಲೆ ತಗ್ಗಿಸಿದ್ದ. ಈಗ ತಗ್ಗಿಸಲಿಲ್ಲ.

"ಕಾರ್ಡು ಸ್ಕ್ಯಾನ್ ಆಗ್ತಿಲ್ಲ ಸಾರ್. ಗೇಟಿಂದ ಆಚೆ ನಿಂತ್ಕೊಳ್ಳಿ."