ಸಿಂಹ ನೋಡೋ ಕಾಯಿಲೆ

ಒಂದು ಸೀಟು ಬಿಟ್ಟು ಮಿಕ್ಕೆಲ್ಲ ತುಂಬಿ ಬಹಳ ಹೊತ್ತಾದರೂ ಶಿವಮೊಗ್ಗ ಪಕ್ಕದ ತ್ಯಾವರೆಕೊಪ್ಪದ ಸಫಾರಿ ಬಸ್ಸು ಹೊರಡಲಿಲ್ಲ. ಹಿಂದೆ ಕೂತ ಮಕ್ಕಳು ಸಿಂಹದ ಬದಲು ತಾವೇ ಗರ್ಜಿಸಿ ಗರ್ಜಿಸಿ ಸುಸ್ತಾದವು. ಭದ್ರಾವತಿಯಿಂದ ಬಂದ ಕರಿಬಸಮ್ಮ, ಆ ಖಾಲಿ ಸೀಟಿನ ಪಕ್ಕ, ಕಿಟಕಿಗೆ ಒರಗಿ ಕೂತು, ಯಾವ ಪುಣ್ಯಾತ್ಮರು ಹೀಗೆ ತಡ ಮಾಡುತ್ತಿದ್ದಾರೋ ಎಂದು ಮನಸ್ಸಿನಲ್ಲೇ ಬೈದುಕೊಳ್ಳುತ್ತಿದ್ದಳು. ಕೊನೆಗೆ ಡ್ರೈವರ್ ಸಿದ್ದು ಎದ್ದು ಬಂದವನು ಅವಳ ಮುಂದೆಯೇ ನಿಂತ.

"ಅಮ್ಮಾ, ನಿಮ್ಮ ಕಡೆಯೋರು ಬರೋದು ಇನ್ನೂ ಎಷ್ಟೊತ್ತು?"

"ನಮ್ಮ ಕಡೆಯೋರಾ? ಯಾರು?"

"ಅದನ್ನೇ ಕೇಳ್ತಿರೋದು. ಯಜಮಾನ್ರು ಟಾಯ್ಲೆಟ್ಟಿಗೆ ಹೋದ್ರಾ?"

"ಅವರು ಭದ್ರಾವತೀಲಿದ್ದಾರಪ್ಪ."

"ಸರಿ ಹೋಯ್ತು. ಅವರು ಅಲ್ಲಿಂದ ಹೊರಟು ಬರೋ ತನಕ ನಾವು ಇಲ್ಲೇ ಕೂರೋದಾ?"

ಬಸ್ಸಿಗೆ ಬಸ್ಸೇ ನಕ್ಕಿತು. ಕರಿಬಸಮ್ಮನೂ ನಕ್ಕಳು. "ನಾನೊಬ್ಳೇ ಬಂದಿರೋದು ಮಾರಾಯ. ನಡಿ, ಗಾಡಿ ಬಿಡು."

ಅವಳಿಗೆ ಇದೇನೂ ಹೊಸದಾಗಿರಲಿಲ್ಲ. ಮೂರು ದಿನದಿಂದ ಶಿವಮೊಗ್ಗ ಊರಿಗೆ ಊರೇ ಅವಳ ಹಿಂದೆ ಬರಬೇಕಾದ, ಬಾರದ ಜನರಿಗಾಗಿ ಕಾಯುತ್ತಿತ್ತು. ಮೊದಲ ದಿನ ಹೋಟೆಲಿನಲ್ಲಿ ಅವಳೊಬ್ಬಳು ಕೂತರೆ ಸಪ್ಲೈಯರ್ ನಾಲ್ಕು ಲೋಟ ನೀರು ತಂದಿಟ್ಟು, 'ಎಲ್ಲರೂ ಬರ್ಲಿ, ಆಮೇಲೆ ಹೇಳಿ' ಎಂದು ಹೋಗಿಬಿಟ್ಟ. ಅವನನ್ನು ಕೂಗಿ ಕರೆದು ದೋಸೆ ತರಿಸಿಕೊಳ್ಳುವಷ್ಟರಲ್ಲಿ ನಾಲ್ಕೂ ಲೋಟ ಅವಳೇ ಕುಡಿದು ಮುಗಿಸಿದ್ದಳು. ಎರಡನೇ ದಿನ ಕೋಟೆಯ ಕಡೆಯ ಒಂದು ಗುಡಿಯಲ್ಲಿ ಅರ್ಚನೆಗೆ ಯಜಮಾನರ ಹೆಸರು ಕೇಳಿದರು. 'ಕರಿಬಸಮ್ಮ ಅಂತ ನನ್ನ ಹೆಸರೇ ಹೇಳಿ' ಎಂದಾಗ ಅರ್ಚಕರು ಮಂತ್ರ ಮರೆತವರ ಹಾಗೆ ಒಂದು ಗಳಿಗೆ ನಿಂತರು.

ಮದುವೆಯಾಗಿ ಬಂದಾಗಿನಿಂದ ಅವಳು ಶಿವಮೊಗ್ಗಕ್ಕೆ ಎಷ್ಟೋ ಸಲ ಬಂದಿದ್ದಳು. ಮದುವೆಗೆ ಬಂದಳು, ತಿಥಿಗೆ ಬಂದಳು, ಆಸ್ಪತ್ರೆಗೆ ಬಂದಳು. ಆಗೆಲ್ಲ ಅವಳು ನೋಡಿದ್ದು ಮುಂದೆ ನಡೆಯುವವರ ಬೆನ್ನನ್ನು, ಊರನ್ನಲ್ಲ. ಆ ಬೆನ್ನುಗಳು ಸರಿದ ಮೇಲೆ ಈಗ ಊರು ಕಾಣತೊಡಗಿತ್ತು. ತುಂಗೆ ಇಷ್ಟು ಅಗಲವೇ ಎಂದು ಸೇತುವೆಯ ಮೇಲೆ ನಿಂತು ಬಾಯಿ ಬಿಟ್ಟುಕೊಂಡು ನೋಡಿದಳು. ಗಾಂಧಿ ಬಜಾರಿನಲ್ಲಿ ಬಳೆ ಹಾಕಿಸಿಕೊಳ್ಳದೆ ಬರೀ ಬಣ್ಣ ನೋಡಿ ಬಂದಳು. ದಾರಿ ತಪ್ಪಿದಳು, ತಪ್ಪಿದ ದಾರಿಯೂ ಚೆನ್ನಾಗಿತ್ತು.

ಸಫಾರಿ ಬಸ್ಸು ಕೊನೆಗೂ ಕಾಡಿನೊಳಗೆ ಹೋದಾಗ ಸಿಂಹ ಮರದ ಕೆಳಗೆ ನಾಲ್ಕೂ ಕಾಲು ಮೇಲೆತ್ತಿ ಅಂಗಾತ ಮಲಗಿತ್ತು. "ಪಾಪ, ಒಂದೇ ಇದೆ" ಎಂದಳು ಮುಂದಿನ ಸೀಟಿನ ಹೆಂಗಸು.

"ಪಾಪ ಯಾಕೆ? ಎಷ್ಟು ಆರಾಮಾಗಿದೆ ನೋಡಿ" ಎಂದಳು ಕರಿಬಸಮ್ಮ.

ಅವಳಿಗೆ ಮಾತ್ರ ಆ ಆರಾಮವಿರಲಿಲ್ಲ. ಸರ್ಕಾರ ಹೆಂಗಸರಿಗೆ ಬಸ್ಸಿನ ಟಿಕೆಟ್ಟು ಮಾಫಿ ಮಾಡಿತ್ತು. ಮನೆ ಕಾರಣವನ್ನು ಮಾಫಿ ಮಾಡಿರಲಿಲ್ಲ. ಸುಮ್ಮನೆ ಹೋಗುತ್ತೇನೆ ಎನ್ನಲು ಬಾಯಿ ಬಾರದೆ, ಹೊಟ್ಟೆಯಲ್ಲಿ ಏನೋ ಸಂಕಟ, ದೊಡ್ಡಾಸ್ಪತ್ರೆಗೆ ತೋರಿಸಬೇಕು ಎಂದು ಗಂಡ ಪುಟ್ಟಯ್ಯನಿಗೆ ಹೇಳಿ ಬಂದಿದ್ದಳು. ದಿನಾ ಆಸ್ಪತ್ರೆಗೆ ಓಡುತ್ತಾಳೆಂದರೆ ದೊಡ್ಡ ಕಾಯಿಲೆಯೇ ಇರಬೇಕೆಂದು ಪುಟ್ಟಯ್ಯ ಬೆದರಿಹೋದ. ಉಕ್ಕಿನ ಕಾರ್ಖಾನೆಯ ಕುಲುಮೆಗೆ ಜಗ್ಗದೆ ನಿವೃತ್ತನಾದವನು ಗ್ಯಾಸ್ ಒಲೆಯ ಮುಂದೆ ಬೆವರಿ, ಪಕ್ಕದ ಮನೆಯ ಸೆಲ್ವಿಯನ್ನು ಕಾಂಪೌಂಡಿನ ಮೇಲಿಂದ ಕೇಳಿ ಕೇಳಿ ಹೆಂಡತಿಗೆ ಗಂಜಿ ಕಾಯಿಸಿದ. ಹೊಟ್ಟೆ ತುಂಬ ಮಸಾಲೆ ದೋಸೆ ತಿಂದು ಬಂದ ಕರಿಬಸಮ್ಮ ಎರಡು ಸಂಜೆ ಕಣ್ಣು ಮುಚ್ಚಿಕೊಂಡು ಆ ಗಂಜಿ ಕುಡಿದಿದ್ದಳು.

ಇವತ್ತು ಸಂಜೆ ಭದ್ರಾವತಿಯ ನ್ಯೂ ಟೌನಿನ ಮನೆಗೆ ಬಂದರೆ ಗಂಜಿಯ ಪಕ್ಕದಲ್ಲಿ ಒಂದು ಬ್ಯಾಗೂ ಇತ್ತು. ಟವೆಲ್, ಫ್ಲಾಸ್ಕು, ಎರಡು ಕಿತ್ತಳೆ.

"ನಾಳೆ ನಾನೂ ಬರ್ತೀನಿ. ಡಾಕ್ಟ್ರ ಹತ್ರ ನಾನೇ ಮಾತಾಡ್ತೀನಿ" ಎಂದ ಪುಟ್ಟಯ್ಯ. "ಮುಡಿ ಕೊಡ್ತೀನಿ ಅಂತ ಹರಕೆನೂ ಹೊತ್ತಿದ್ದೀನಿ."

ಕರಿಬಸಮ್ಮ ಅವನ ತಲೆ ನೋಡಿದಳು. "ಇರೋ ನಾಲ್ಕು ಕೂದ್ಲನ್ನೂ ದೇವರಿಗೆ ಬರ್ಕೊಟ್ರಾ?" ಎಂದಳು. ನಗು ಬಂತು, ಜೊತೆಗೆ ಪಾಪವೂ ಅನ್ನಿಸಿತು. ನಿಜ ಹೇಳಿದರೆ ನಾಳೆಯ ಬಸ್ಸು ತಪ್ಪಬಹುದು. ಹೇಳದಿದ್ದರೆ ನಾಳೆ ಮತ್ತೆ ಈ ಬೆನ್ನಿನ ಹಿಂದೆ ನಡೆಯಬೇಕು.

"ನಂಗೇನೂ ಆಗಿಲ್ಲ ರೀ. ನಾನು ಆಸ್ಪತ್ರೆಗೆ ಹೋಗೇ ಇಲ್ಲ. ಊರು ನೋಡ್ಕೊಂಡು ಬಂದೆ. ಇವತ್ತು ಸಿಂಹ ನೋಡ್ದೆ."

ಪುಟ್ಟಯ್ಯ ಮೊದಲು ಉಸಿರು ಬಿಟ್ಟ. ಸಿಟ್ಟು ಬಂದದ್ದು ಆಮೇಲೆ. "ಅಲ್ಲ ಮಾರಾಯ್ತಿ, ಮೂರು ದಿನ ಜೀವ ಕೈಲಿಟ್ಕೊಂಡು ಕೂತಿದ್ದೀನಿ ನಾನು. ಏನಕ್ಕೆ ಹೋಗಿದ್ದೆ?"

"ನೀವು ದಿನಾ ಸಾಯಂಕಾಲ ಸರ್ಕಲ್ ತನಕ ಏನಕ್ಕೆ ಹೋಗ್ತೀರಾ?"

"ಸುಮ್ನೆ."

"ನಾನೂ ಸುಮ್ನೆ."

ಪುಟ್ಟಯ್ಯ ಪಾತ್ರೆಯ ಕಡೆ ನೋಡಿದ. "ಗಂಜಿ ಏನ್ಮಾಡ್ಲಿ?"

"ನೀವೇ ಕುಡೀರಿ, ಹೆದರಿಕೆ ಇಳೀಲಿ. ಬೆಳಿಗ್ಗೆ ಸಾರು ಮಾಡೋದು ಹೇಳ್ಕೊಟ್ಟು ಹೋಗ್ತೀನಿ."

ಆಗ ಕಾಂಪೌಂಡಿನ ಮೇಲೆ ಸೆಲ್ವಿಯ ಮುಖ ಎದ್ದಿತು. ಒಂದು ಮಾತೂ ಬಿಡದೆ ಕೇಳಿಸಿಕೊಂಡಿದ್ದಳೆಂದು ಆ ಮುಖವೇ ಹೇಳುತ್ತಿತ್ತು.

"ಅಕ್ಕಾ, ನಂಗೂ ಅದೇ ಕಾಯಿಲೆ ಇದ್ದಂಗಿದೆ. ನಾಳೆ ಎಷ್ಟೊತ್ತಿಗೆ ಹೊರಡ್ತೀರಾ?"

"ಸದ್ಯ, ಜೊತೆಗೆ ಒಬ್ರಾದ್ರೂ ಆದ್ರು" ಎಂದು ಪುಟ್ಟಯ್ಯ ಸಮಾಧಾನದಿಂದ ಗಂಜಿ ಬಗ್ಗಿಸಿಕೊಂಡ.

"ಬಾರೇ ಸೆಲ್ವಿ" ಎಂದಳು ಕರಿಬಸಮ್ಮ. "ಬಸ್ಸಲ್ಲಿ ಒಟ್ಟಿಗೆ ಹೋಗೋಣ. ಇಳಿದ ಮೇಲೆ ನಿನ್ನ ದಾರಿ ನಿಂಗೆ, ನನ್ನ ದಾರಿ ನಂಗೆ."